ಗರಿ ಕಿತ್ತುಕೊಳ್ಳುವ ಹಕ್ಕಿ

ನಿಮ್ಮ ಮನೆಯ ಪಂಜರದಲ್ಲಿ ಗಿಳಿಯ ಜಾತಿಯ ಹಕ್ಕಿಯೊಂದು ಇದೆಯೆಂದಿಟ್ಟುಕೊಳ್ಳಿ. ತಂದಾಗ ಅದಕ್ಕೆ ಮೈತುಂಬ ನುಣುಪಾದ ಗರಿ. ಒಂದೆರಡು ವರ್ಷ ಚೆನ್ನಾಗಿಯೇ ಇತ್ತು. ಈಗ ಕೆಲವು ವಾರಗಳಿಂದ ಪಂಜರದ ತಟ್ಟೆಯಲ್ಲಿ ಗರಿಗಳು ಬೀಳತೊಡಗಿವೆ. ಮೊದಲು ಬಿಳಿಯ ತುಪ್ಪುಳು, ಆಮೇಲೆ ಎದೆಯ ಬಣ್ಣದ ಗರಿ, ಕಡೆಗೆ ಎದೆಯಲ್ಲಿ ರೂಪಾಯಿಯಗಲದ ಬರಿಯ ಚರ್ಮ. ಹಕ್ಕಿ ತಿನ್ನುವುದನ್ನು ಬಿಟ್ಟಿಲ್ಲ, ಕೂಗುವುದನ್ನೂ ಬಿಟ್ಟಿಲ್ಲ. ಆದರೆ ಮನೆಯವರೆಲ್ಲ ತಮ್ಮ ತಮ್ಮ ಕೆಲಸದಲ್ಲಿರುವಾಗ ಅದು ತಲೆ ಬಗ್ಗಿಸಿ ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಹಿಡಿದು ಎಳೆಯುತ್ತದೆ. ಒಮ್ಮೊಮ್ಮೆ ನೋವಿಗೆ ತಾನೇ ಕಿರುಚುತ್ತದೆ. ಮರುಕ್ಷಣ ಇನ್ನೊಂದು ಗರಿಗೆ ಬಾಯಿ ಹಾಕುತ್ತದೆ.

ಇಂಥ ಸಂದರ್ಭದಲ್ಲಿ ಮನೆಯೊಳಗೆ ನಾಲ್ಕು ಬಗೆಯ ವ್ಯಾಖ್ಯಾನಗಳು ಹುಟ್ಟಿಕೊಳ್ಳುವುದುಂಟು. ಅಜ್ಜಿ “ಉಷ್ಣವಾಗಿದೆ” ಎನ್ನುತ್ತಾರೆ. ಹುಡುಗರು “ಹೇನು ಬಿದ್ದಿದೆ” ಎನ್ನುತ್ತಾರೆ. ನೆರೆಮನೆಯವರು “ದೃಷ್ಟಿ ತಾಕಿದೆ” ಎನ್ನುತ್ತಾರೆ. ಮನೆಯ ಯಜಮಾನರು ಪತ್ರಿಕೆಯಿಂದ ತಲೆಯೆತ್ತದೆ, “ಎಲ್ಲಾ ಹಟ, ಮುದ್ದು ಹೆಚ್ಚಾಗಿ ಕೆಟ್ಟಿದೆ” ಎಂದು ತೀರ್ಪು ಕೊಡುತ್ತಾರೆ. ನಾಲ್ವರಲ್ಲಿ ತೀರ್ಪು ಕೊಟ್ಟವರೇ ಸತ್ಯಕ್ಕೆ ಅತ್ಯಂತ ದೂರದಲ್ಲಿರುವವರೆಂದು ಹೇಳದೆ ವಿಧಿಯಿಲ್ಲ.

ಜ್ವರವೆಂಬುದು ಹೇಗೆ ಒಂದು ರೋಗವಲ್ಲವೋ, ಹತ್ತಾರು ರೋಗಗಳ ಲಕ್ಷಣವೋ, ಹಾಗೆಯೇ ಹಕ್ಕಿ ಗರಿ ಕಿತ್ತುಕೊಳ್ಳುವುದೂ ಒಂದು ರೋಗವಲ್ಲ, ಅದೊಂದು ಲಕ್ಷಣ. ಹಿಂದೆ ಮೈಯ ಕಾಯಿಲೆಯಿರಬಹುದು, ಊಟದ ಕೊರತೆಯಿರಬಹುದು, ಮನಸ್ಸಿನ ಬೇಗೆಯಿರಬಹುದು. ಅನೇಕ ವೇಳೆ ಇವು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಸಾಕಿದ ಗಿಳಿ ಜಾತಿಯ ಹಕ್ಕಿಗಳಲ್ಲಿ ನೂರಕ್ಕೆ ಸುಮಾರು ಹತ್ತು ಇದಕ್ಕೆ ತುತ್ತಾಗುತ್ತವೆಂದು ಪಕ್ಷಿವೈದ್ಯರ ಅಂದಾಜು. ಗಮನಿಸಬೇಕಾದ ಸಂಗತಿಯೆಂದರೆ, ಕಾಡಿನಲ್ಲಿ ಸ್ವತಂತ್ರವಾಗಿ ಬಾಳುವ ಗಿಳಿಗಳಲ್ಲಿ ಈ ಚಾಳಿ ಕಾಣಬರುವುದಿಲ್ಲವೆಂದೇ ಹೇಳಬಹುದು. ಇದು ಪಂಜರದ ಕೊಡುಗೆ.

ಮೊದಲು ಒಂದು ಗಾಬರಿಯನ್ನು ಕಳೆದುಕೊಳ್ಳೋಣ. ಪಂಜರದಲ್ಲಿ ಗರಿ ಬಿದ್ದ ಮಾತ್ರಕ್ಕೆ ಹಕ್ಕಿ ಕಿತ್ತುಕೊಳ್ಳುತ್ತಿದೆಯೆಂದಲ್ಲ. ಹಾವು ಪೊರೆ ಬಿಡುವಂತೆ, ಮರ ಎಲೆ ಉದುರಿಸುವಂತೆ, ಹಕ್ಕಿಯೂ ಹಳೆಯ ಗರಿಯನ್ನು ಕಳಚಿ ಹೊಸದನ್ನು ತಳೆಯುತ್ತದೆ. ದೊಡ್ಡ ಗಿಳಿಗಳಲ್ಲಿ ಇದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಚಿಕ್ಕವುಗಳಲ್ಲಿ ಹೆಚ್ಚು ಸಲವೂ ಆಗಬಹುದು. ಆದರೆ ಪ್ರಕೃತಿ ಈ ಕೆಲಸವನ್ನು ಬಹಳ ಜಾಣತನದಿಂದ ಮಾಡುತ್ತದೆ. ಎಡಗಡೆಯದೊಂದು ಬಿದ್ದರೆ ಬಲಗಡೆಯಲ್ಲಿ ಅದರ ಜೋಡಿ ಬೀಳುತ್ತದೆ. ಒಂದು ಬಿದ್ದು ಇನ್ನೊಂದು ಮೊಳೆಯುವಷ್ಟು ಸಾವಕಾಶ ಕೊಡುತ್ತದೆ. ಎಲ್ಲಿಯೂ ಬೋಳು ಬೀಳಗೊಡುವುದಿಲ್ಲ. ಬಿದ್ದ ಗರಿಯನ್ನು ಕೈಗೆತ್ತಿಕೊಂಡು ನೋಡಿ. ಅದು ಇಡಿಯಾಗಿದ್ದು ಬುಡ ಒಣಗಿದ್ದರೆ ತಾನಾಗಿ ಉದುರಿದ್ದು. ದಂಟು ಜಗಿದು ಮುರಿದಿದ್ದರೆ, ಅಂಚು ಕತ್ತರಿಸಿದಂತಿದ್ದರೆ, ಬುಡದಲ್ಲಿ ರಕ್ತದ ಕಲೆಯಿದ್ದರೆ ಅದು ಕೊಕ್ಕಿನ ಕೆಲಸ.

ಹಕ್ಕಿ ಗರಿಯನ್ನು ತಿದ್ದಿಕೊಳ್ಳುವುದು ಕೂಡ ಸಹಜವೇ. ದಿನಕ್ಕೆ ಎಷ್ಟೋ ಹೊತ್ತು ಅದು ಕೊಕ್ಕಿನಿಂದ ಒಂದೊಂದು ಗರಿಯನ್ನೂ ನೇವರಿಸಿ, ಬಿಡಿಯಾದ ಎಳೆಗಳನ್ನು ಮತ್ತೆ ಸೇರಿಸಿ, ಧೂಳು ತೆಗೆದು ಒಪ್ಪಮಾಡಿಕೊಳ್ಳುತ್ತದೆ. ಹೊಸ ಗರಿ ಮೇಣದಂಥ ಒರೆಯಲ್ಲಿ ಮುಳ್ಳಿನಂತೆ ಮೊಳೆತು ಬರುತ್ತದೆ. ಆ ಒರೆಯನ್ನು ಬಿಡಿಸುವಾಗ ಅದು ಪಂಜರದಲ್ಲಿ ಹೊಟ್ಟಿನಂತೆ ಬೀಳುತ್ತದೆ. ಇದನ್ನು ಕಂಡು ಕೆಲವರು ಚರ್ಮರೋಗವೆಂದು ಹೆದರುತ್ತಾರೆ. ಹೆದರಬೇಕಾದುದಿಲ್ಲ. ತಿದ್ದಿಕೊಳ್ಳುವ ಕೆಲಸ ಕಿತ್ತುಕೊಳ್ಳುವ ಕೆಲಸವಾಗಿ ತಿರುಗಿದಾಗ ಮಾತ್ರ ಎಚ್ಚರಗೊಳ್ಳಬೇಕು.

ಈಗ ಒಂದು ಸುಲಭವಾದ ಪರೀಕ್ಷೆ. ಇದಕ್ಕೆ ಯಾವ ಉಪಕರಣವೂ ಬೇಡ. ಹಕ್ಕಿಯ ತಲೆಯನ್ನು ನೋಡಿ. ಎದೆ, ಹೊಟ್ಟೆ, ರೆಕ್ಕೆಯ ಅಡಿ, ತೊಡೆ ಇವು ಬೋಳಾಗಿದ್ದು ತಲೆಯ ಗರಿ ಮಾತ್ರ ಮದುಮಗನ ಪೇಟದಂತೆ ಅಚ್ಚುಕಟ್ಟಾಗಿ ಉಳಿದಿದ್ದರೆ, ಕಿತ್ತದ್ದು ಆ ಹಕ್ಕಿಯೇ. ಏಕೆಂದರೆ ಯಾವ ಹಕ್ಕಿಗೂ ತನ್ನ ತಲೆಗೆ ತನ್ನ ಕೊಕ್ಕು ಎಟುಕದು. ತಲೆಯೂ ಬೋಳಾಗಿದ್ದರೆ ಬೇರೆ ಕಾರಣ ಹುಡುಕಬೇಕು. ಜೊತೆಯ ಹಕ್ಕಿ ಕಿತ್ತಿರಬಹುದು. ಇಕ್ಕಟ್ಟಾದ ಪಂಜರದಲ್ಲಿ ಆರೇಳು ಹಕ್ಕಿಗಳನ್ನು ತುಂಬಿದಲ್ಲಿ ಇದು ಸಾಮಾನ್ಯ. ಗೂಡಿನಲ್ಲಿ ತಾಯಿಯೇ ಮರಿಗಳ ಗರಿ ಕೀಳುವುದೂ ಉಂಟು. ಇಲ್ಲವೆ ಗರಿಯ ಬೇರಿಗೇ ಹತ್ತುವ ರೋಗವಿರಬಹುದು.

ಆ ರೋಗದ ವಿಷಯ ಒಂದು ಮಾತು. ಕೊಕ್ಕು ಮತ್ತು ಗರಿಯ ರೋಗವೆಂದು ಕರೆಯುವ ವೈರಸ್ ಜಾಡ್ಯವೊಂದು ಗಿಳಿಗಳಲ್ಲಿ ಇದೆ. ೧೯೭೦ರ ದಶಕದಲ್ಲಿ ಆಸ್ಟ್ರೇಲಿಯಾದ ಕಾಕಟೂ ಹಕ್ಕಿಗಳಲ್ಲಿ ಇದನ್ನು ಮೊದಲು ವಿವರಿಸಿದರು. ಇದು ತಗುಲಿದಾಗ ಹೊಸ ಗರಿಗಳು ಮುರುಟಿಕೊಂಡು, ಬುಡದಲ್ಲಿ ದಾರ ಕಟ್ಟಿದಂತೆ ಸಣ್ಣಗಾಗಿ, ತಲೆಯ ಮೇಲೂ ಮೈಮೇಲೂ ಉದುರುತ್ತವೆ, ಕೊಕ್ಕು ವಿಕಾರವಾಗಬಹುದು. ಗರಿಯ ಧೂಳಿನಿಂದಲೂ ಹಿಕ್ಕೆಯಿಂದಲೂ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಇದನ್ನು ಗುಣಪಡಿಸುವ ಔಷಧಿಯಿಲ್ಲ. ಆದುದರಿಂದಲೇ ಹೊಸ ಹಕ್ಕಿಯನ್ನು ತಂದೊಡನೆ ಹಳೆಯದರ ಪಂಜರಕ್ಕೆ ಬಿಡಬಾರದು. ಕಡೆಯ ಪಕ್ಷ ಒಂದು ತಿಂಗಳು ಬೇರೆ ಕೋಣೆಯಲ್ಲಿಟ್ಟು, ವೈದ್ಯರಿಗೆ ತೋರಿಸಿ, ಆಮೇಲೆ ಪರಿಚಯ ಮಾಡಿಸಬೇಕು. “ಪಾಪ, ಒಂಟಿಯಾಗಿದೆ, ಅದಕ್ಕೇ ಕಿತ್ತುಕೊಳ್ಳುತ್ತಿದೆ” ಎಂದು ಮರುಕಪಟ್ಟು ಅದೇ ಸಂಜೆ ಜೋಡಿ ತಂದುಬಿಡುವವರು ಈ ಮಾತನ್ನು ಮರೆಯುತ್ತಾರೆ.

ತಲೆ ನೆಟ್ಟಗಿದೆ, ಎದೆ ಬೋಳಾಗಿದೆ ಎಂದಾದರೂ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೇ. ಹಕ್ಕಿಗೆ ಬೇಸರವಾಗಿದೆಯೆಂದು ನಾವು ಮನೆಯಲ್ಲೇ ತೀರ್ಮಾನಿಸಿ, ಆಟಿಕೆ ತೂಗುಹಾಕಿ ಕುಳಿತರೆ, ಒಳಗೆ ಯಕೃತ್ತಿನ ಬೇನೆ ಬೆಳೆಯುತ್ತಿರಬಹುದು. ಒಳಗೆ ನೋಯುವ ಜಾಗದ ಮೇಲಿನ ಗರಿಯನ್ನೇ ಹಕ್ಕಿ ಕೀಳುವುದುಂಟು. ಬೂಷ್ಟು ಮತ್ತು ಸೂಕ್ಷ್ಮಜೀವಿಗಳು ಗರಿಯ ಬೇರನ್ನು ಕೆರಳಿಸಬಹುದು. ಕಾಕಟೀಲ್ ಜಾತಿಯ ಹಕ್ಕಿಗಳಲ್ಲಿ ಕರುಳಿನಲ್ಲಿರುವ ಜಿಯಾರ್ಡಿಯಾ ಎಂಬ ಒಂದು ಕಣದ ಜೀವಿ ಮೈತುರಿಕೆಗೆ ಕಾರಣವಾಗುವುದೆಂಬ ಸಂಶಯ ವೈದ್ಯರಲ್ಲಿದೆ. ಅದು ಹಿಕ್ಕೆಯ ಪರೀಕ್ಷೆಯಿಂದಲ್ಲದೆ ಗೊತ್ತಾಗದು. ಸತುವಿನ ಲೇಪವಿರುವ ಅಗ್ಗದ ತಂತಿ, ಸೀಸವಿರುವ ಹಳೆಯ ಬಣ್ಣ, ಇವನ್ನು ಕಡಿಯುತ್ತ ಹಕ್ಕಿ ದಿನವೂ ಸ್ವಲ್ಪ ಸ್ವಲ್ಪ ವಿಷ ನುಂಗುತ್ತಿರಬಹುದು. ಹುಡುಗರು ಹೇಳಿದ ಹೇನಿನ ಮಾತು? ಅದೂ ಸಾಧ್ಯವೇ, ಆದರೆ ಮನೆಯೊಳಗೆ ಒಂಟಿಯಾಗಿ ಬೆಳೆದ ಹಕ್ಕಿಯಲ್ಲಿ ನಾವೆಣಿಸುವಷ್ಟು ಸಾಮಾನ್ಯವಲ್ಲ. ಚಿಕ್ಕ ಹಕ್ಕಿಗಳ ಕೊಕ್ಕಿನ ಬುಡದಲ್ಲೂ ಕಾಲಿನಲ್ಲೂ ಸುಣ್ಣ ಮೆತ್ತಿದಂಥ ಹೆಕ್ಕಳೆ ಕಂಡರೆ ಅದು ಒಂದು ಬಗೆಯ ಉಣ್ಣೆಹುಳುವಿನ ಕೆಲಸ. ವೈದ್ಯರು ಕೊಡುವ ಔಷಧಿಯಿಂದ ಸುಲಭವಾಗಿ ಗುಣವಾಗುತ್ತದೆ. ಪಶುಗಳಿಗೆ ಹಾಕುವ ಹುಳದ ಪುಡಿಯನ್ನು ನೀವೇ ತಂದು ಎರಚುವ ಸಾಹಸ ಮಾತ್ರ ಬೇಡ. ಹಕ್ಕಿಯ ತೂಕ ಎಷ್ಟು, ಎಮ್ಮೆಯ ತೂಕ ಎಷ್ಟು!

ವೈದ್ಯರ ಬಳಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಬಿದ್ದ ಗರಿಗಳಲ್ಲಿ ಐದಾರು, ಕಾಗದದಲ್ಲಿ ಅಂದಿನ ಹಿಕ್ಕೆ, ಹಕ್ಕಿ ನಿಜವಾಗಿ ತಿನ್ನುವ ಆಹಾರದ ಪಟ್ಟಿ, ಪಂಜರದ ಒಂದು ಛಾಯಾಚಿತ್ರ, ಇವಿಷ್ಟು ಜೊತೆಯಲ್ಲಿರಲಿ. ನೀವು ಇಡುವ ಆಹಾರ ಬೇರೆ, ಅದು ತಿನ್ನುವುದು ಬೇರೆ ಎಂಬುದು ನೆನಪಿರಲಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಉಳಿದ ಊರುಗಳಲ್ಲಿ ಪಶು ಆಸ್ಪತ್ರೆಗೆ ಹೋಗಿ, ಹಕ್ಕಿಗಳನ್ನು ನೋಡಿ ಪಳಗಿದವರು ಸುತ್ತಮುತ್ತ ಯಾರಿದ್ದಾರೆಂದು ವಿಚಾರಿಸಿ. ದನದ ವೈದ್ಯರು ಎಷ್ಟೇ ನಿಪುಣರಾದರೂ ಗಿಳಿಯ ವಿಷಯ ಬೇರೆ ವಿದ್ಯೆಯೆಂದು ಅವರೇ ಒಪ್ಪುತ್ತಾರೆ.

ಊಟದ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಹಕ್ಕಿಗೆ ನವಣೆ ಇಲ್ಲವೆ ಸೂರ್ಯಕಾಂತಿ ಬೀಜವನ್ನು ಬಟ್ಟಲು ತುಂಬ ಹಾಕಿಬಿಟ್ಟರೆ ಕರ್ತವ್ಯ ಮುಗಿಯಿತು. ಬರಿಯ ಬೀಜ ತಿನ್ನುವ ಹಕ್ಕಿಗೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬೀಜದಲ್ಲಿ ಎ ಜೀವಸತ್ವ ಅತ್ಯಲ್ಪ, ಸುಣ್ಣದಂಶವೂ ಕಡಮೆ. ಸೂರ್ಯಕಾಂತಿಯಲ್ಲಂತೂ ಕೊಬ್ಬು ವಿಪರೀತ. ಎ ಜೀವಸತ್ವ ಸಾಲದಾದರೆ ಚರ್ಮ ಒಣಗಿ ತುರಿಸುತ್ತದೆ. ಗರಿಯಾದರೋ ಬಹುಮಟ್ಟಿಗೆ ಸಸಾರಜನಕವೇ, ನಮ್ಮ ಕೂದಲು ಉಗುರುಗಳಂತೆ. ಕಿತ್ತ ಗರಿಯನ್ನು ಮತ್ತೆ ಬೆಳೆಸಲು ಒಳ್ಳೆಯ ಊಟ ಬೇಕೇ ಬೇಕು. ನುಗ್ಗೆಸೊಪ್ಪು, ಹರಿವೆಸೊಪ್ಪು, ಕೊತ್ತಂಬರಿಸೊಪ್ಪು, ಗಜ್ಜರಿ, ಸಿಹಿಗುಂಬಳ, ಪಪ್ಪಾಯಿ, ಸೀಬೆ, ಎಳೆಯ ಮುಸುಕಿನ ಜೋಳ ಇವನ್ನು ದಿನಕ್ಕೊಂದಾಗಿ ಅಭ್ಯಾಸ ಮಾಡಿಸಿ. ಗಿಳಿಗಳಿಗಾಗಿಯೇ ತಯಾರಿಸಿದ ಗುಳಿಗೆಯ ಆಹಾರವೂ ಅಂಗಡಿಗಳಲ್ಲಿ ದೊರೆಯುತ್ತದೆ. ಆದರೆ ಬೀಜವನ್ನು ಒಂದೇ ದಿನ ನಿಲ್ಲಿಸಬೇಡಿ. ಹೊಸ ಆಹಾರವನ್ನು ಆಹಾರವೆಂದು ಗುರುತಿಸಲಾರದೆ ಹಕ್ಕಿ ಉಪವಾಸ ಬೀಳಬಹುದು, ಚಿಕ್ಕ ಹಕ್ಕಿಗೆ ಎರಡು ದಿನದ ಉಪವಾಸವೂ ಅಪಾಯ. ನಮ್ಮಲ್ಲಿ ಬೆಣ್ಣೆಹಣ್ಣೆಂದು ಕರೆಯುವ ಆವಕಾಡೊ ಹಕ್ಕಿಗಳಿಗೆ ವಿಷ. ಬೂಷ್ಟು ಹಿಡಿದ ಕಡಲೆಕಾಯಿಯೂ ವಿಷವೇ.

ಮೈಯಲ್ಲಿ ರೋಗವಿಲ್ಲ, ಊಟವೂ ಸರಿಯಾಗಿದೆಯೆಂದು ವೈದ್ಯರು ಹೇಳಿದರೆ? ಆಗ ಮನಸ್ಸಿನ ಕಡೆಗೆ ನೋಡಬೇಕು. ಗಿಳಿಗೆ ಮನಸ್ಸೆಂಬುದು ಉಂಟೆ ಎಂದು ಕೇಳುವವರು ಅದರೊಡನೆ ಒಂದು ವಾರ ಬಾಳಿ ನೋಡಿಲ್ಲ.

ಕಾಡಿನ ಗಿಳಿಯ ದಿನಚರಿಯನ್ನು ನೆನೆದುಕೊಳ್ಳಿ. ಬೆಳಕು ಹರಿಯುತ್ತಲೇ ಹಿಂಡು ಹಾರುತ್ತದೆ. ಯಾವ ಮರದಲ್ಲಿ ಹಣ್ಣಾಗಿದೆ, ಯಾವ ಕಾಯಿ ಬಲಿತಿದೆ ಎಂದು ಹುಡುಕಬೇಕು. ಸಿಪ್ಪೆ ಸುಲಿಯಬೇಕು, ಚಿಪ್ಪು ಒಡೆಯಬೇಕು, ತಿರುಳು ಬಗೆಯಬೇಕು. ಹೀಗೆ ದಿನಕ್ಕೆ ನಾಲ್ಕರಿಂದ ಆರು ಗಂಟೆಗಳು ಆಹಾರದ ಕೆಲಸದಲ್ಲೇ ಕಳೆಯುವ ಗಿಳಿಗಳಿವೆ. ಆ ಕೊಕ್ಕು ಹುಟ್ಟಿರುವುದೇ ಈ ದುಡಿಮೆಗೆ. ಪಂಜರದಲ್ಲಾದರೋ ಬಟ್ಟಲು ಮುಂದಿರುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಊಟ ಮುಗಿದುಹೋಗುತ್ತದೆ. ಉಳಿದ ಹನ್ನೊಂದು ಗಂಟೆಯ ಹಗಲಿನಲ್ಲಿ ಆ ಕೊಕ್ಕು ಏನು ಮಾಡಬೇಕು? ಸುಲಿಯಲು, ಸಿಗಿಯಲು, ಎಳೆಯಲು ಕೈಗೆಟುಕುವ ವಸ್ತು ಒಂದೇ: ತನ್ನ ಮೈಯ ಗರಿ.

ಇದು ಬರಿಯ ಊಹೆಯಲ್ಲ. ಅಮೆರಿಕಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ವಿಜ್ಞಾನಿಗಳು ಅಮೆಜಾನ್ ಜಾತಿಯ ಎಳೆಯ ಗಿಳಿಗಳ ಮೇಲೆ ನಡೆಸಿದ ಪ್ರಯೋಗವನ್ನು ೨೦೦೩ರಲ್ಲಿ ಪ್ರಕಟಿಸಿದರು. ಎಂಟೆಂಟರ ಎರಡು ಗುಂಪು. ಒಂದು ಗುಂಪಿಗೆ ಬರಿಯ ಪಂಜರ, ಬಟ್ಟಲು, ಕೂರುವ ಕಡ್ಡಿ. ಇನ್ನೊಂದಕ್ಕೆ ಹತ್ತಲು, ತೂಗಲು, ಕಡಿಯಲು ಬಗೆಬಗೆಯ ಸಾಧನಗಳು. ಆಹಾರವನ್ನು ಹುಡುಕಿ, ಬಿಡಿಸಿ ತಿನ್ನಬೇಕಾದ ಏರ್ಪಾಡು. ೪೮ ವಾರಗಳ ಕಾಲ ಗರಿಗಳ ಸ್ಥಿತಿಗೆ ಅಂಕ ಕೊಡುತ್ತ ಬಂದರು. ಬರಿಯ ಪಂಜರದ ಹಕ್ಕಿಗಳ ಗರಿ ಕೆಡುತ್ತ ಬಂತು. ಕೆಲಸವಿದ್ದ ಹಕ್ಕಿಗಳದು ಚೆನ್ನಾಗಿಯೇ ಉಳಿಯಿತು. ಆಮೇಲೆ ಬರಿಯ ಪಂಜರದ ಹಕ್ಕಿಗಳಿಗೂ ಅದೇ ಸಾಧನಗಳನ್ನು ಕೊಟ್ಟಾಗ ಅವುಗಳ ಗರಿಯೂ ಸುಧಾರಿಸಿತು. ಅಂದರೆ ಕೆಲಸವೆಂಬುದು ಈ ಚಾಳಿಗೆ ತಡೆಯೂ ಹೌದು, ಮದ್ದೂ ಹೌದು.

೨೦೦೮ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಿಂದ ಬಂದ ಇನ್ನೊಂದು ವರದಿ ಮನೆಯಲ್ಲಿ ಸಾಕುವವರಿಗೆ ಇನ್ನೂ ಹತ್ತಿರದ್ದು. ಆಗಲೇ ಗರಿ ಕಿತ್ತುಕೊಳ್ಳುತ್ತಿದ್ದ ಹದಿನೆಂಟು ಆಫ್ರಿಕದ ಬೂದು ಗಿಳಿಗಳನ್ನು ಅಲ್ಲಿ ಪರೀಕ್ಷಿಸಿದರು. ಬಟ್ಟಲಿನ ಬದಲು, ತೂತುಗಳಿರುವ ಕೊಳವೆಯಿಂದ ಆಹಾರವನ್ನು ಹೊರಳಿಸಿ ತೆಗೆದು ತಿನ್ನುವಂತೆ ಮಾಡಿದರು. ಇಷ್ಟರಿಂದಲೇ ದಿನದ ಊಟದ ಹೊತ್ತು ಒಂದು ಗಂಟೆಗೂ ಮಿಕ್ಕಿ ಹೆಚ್ಚಿತು. ಒಂದು ತಿಂಗಳೊಳಗೆ ಗರಿಯಲ್ಲಿ ಸುಧಾರಣೆ ಕಂಡಿತು. ಒಂದು ಕೊಳವೆಯಿಂದ!

೨೦೨೧ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ತಂಡವೊಂದು ಐವತ್ತು ಜಾತಿಯ ಸಾಕಿದ ಗಿಳಿಗಳ ವಿವರ ಕಲೆಹಾಕಿ ಹೋಲಿಸಿತು. ಕಾಡಿನಲ್ಲಿ ಯಾವ ಜಾತಿಯ ಆಹಾರ ಸುಲಿದು, ಒಡೆದು, ಶ್ರಮಪಟ್ಟು ತಿನ್ನಬೇಕಾದದ್ದೋ ಆ ಜಾತಿಯೇ ಪಂಜರದಲ್ಲಿ ಹೆಚ್ಚಾಗಿ ಗರಿ ಕೆಡಿಸಿಕೊಳ್ಳುತ್ತದೆಂದು ಅವರು ಕಂಡರು. ಬೂದು ಗಿಳಿ, ಕಾಕಟೂ ಮುಂತಾದ ಹಕ್ಕಿಗಳಲ್ಲಿ ಈ ಚಾಳಿ ಹೆಚ್ಚೆಂದು ವೈದ್ಯರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂಬ ಹೆಸರಿನಲ್ಲಿ ಮಾರುವ ಬಣ್ಣಬಣ್ಣದ ಚಿಕ್ಕ ಹಕ್ಕಿ ನಿಜವಾಗಿ ಆಸ್ಟ್ರೇಲಿಯಾದ ಬಡ್ಜರಿಗಾರ್. ಅದು ನೆಲದ ಹುಲ್ಲಿನ ಬೀಜ ಆಯ್ದು ತಿನ್ನುವ ಜಾತಿ, ಅದರಲ್ಲಿ ಈ ಬಾಧೆ ಕಡಮೆ.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮ ನಾಡಿನ ಹಸುರು ಗಿಳಿ, ಕೆಂಪು ಕತ್ತುಪಟ್ಟಿಯ ಗಿಳಿರಾಮ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮನೆಯಲ್ಲಿ ಸಾಕತಕ್ಕ ಹಕ್ಕಿಯಲ್ಲ. ಹಿಡಿಯುವುದೂ ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. ಅಂಥದೊಂದು ನಿಮ್ಮಲ್ಲಿದ್ದರೆ ಬಾಗಿಲು ತೆರೆದು ಅಟ್ಟಿಬಿಡಬೇಡಿ. ಬೀಜ ಹುಡುಕಲರಿಯದ ಹಕ್ಕಿ ಎರಡು ದಿನ ಬದುಕದು. ಅರಣ್ಯ ಇಲಾಖೆಯವರನ್ನು ಕೇಳಿ. ಹೊರದೇಶದ ಹಕ್ಕಿಗಳಲ್ಲಿ ಬಡ್ಜರಿಗಾರ್, ಕಾಕಟೀಲ್‌ಗಳನ್ನು ಬಿಟ್ಟರೆ ಗಿಳಿಯ ಜಾತಿಯವೆಲ್ಲ ಬಹುಮಟ್ಟಿಗೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಅಂಥವನ್ನು ಇಟ್ಟುಕೊಂಡವರು ೨೦೨೪ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಬೂದು ಗಿಳಿಯ ವ್ಯಾಪಾರದ ಮೇಲೆ ೨೦೧೬ರಲ್ಲಿ ಒಪ್ಪಂದದ ರಾಷ್ಟ್ರಗಳೆಲ್ಲ ಕೂಡಿ ಅತಿ ಕಠಿಣವಾದ ನಿರ್ಬಂಧವನ್ನು ಹಾಕಿದುವು. ನನ್ನನ್ನು ಕೇಳಿದರೆ, ನಲವತ್ತು ವರ್ಷ ಬಾಳಬಲ್ಲ, ಮಗುವಿನಷ್ಟು ಗಮನ ಬೇಡುವ ಆ ಹಕ್ಕಿಯನ್ನು ಹಗಲೆಲ್ಲ ಬೀಗ ಹಾಕುವ ಮನೆಗೆ ತರದಿರುವುದೇ ಮೊದಲ ಚಿಕಿತ್ಸೆ. ಆದರೆ ಈಗಾಗಲೇ ತಂದುಕೊಂಡವರಿಗೆ ಈ ಉಪದೇಶದಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾದುದು ಇವತ್ತು ಏನು ಮಾಡಬೇಕೆಂಬುದು.

ಇವತ್ತು ಮಾಡಬೇಕಾದದ್ದು ಬಟ್ಟಲನ್ನು ಕಷ್ಟವಾಗಿಸುವುದು. ಇದಕ್ಕೆ ಪೇಟೆಯ ದುಬಾರಿ ಆಟಿಕೆ ಬೇಕಿಲ್ಲ. ಮುತ್ತುಗದ ಎಲೆಯಲ್ಲಿ ನಾಲ್ಕು ಕಾಳು ಸುತ್ತಿ ಕಡ್ಡಿ ಚುಚ್ಚಿ ಕೊಡಿ, ಬಿಡಿಸಿಕೊಂಡು ತಿನ್ನಲಿ. ಮುಸುಕಿನ ಜೋಳವನ್ನು ಸಿಪ್ಪೆಸಮೇತ ಕಟ್ಟಿ. ಬಟಾಣಿಯನ್ನು ಕಾಯಿಯಲ್ಲೇ ಕೊಡಿ. ನವಣೆಯನ್ನು ಉದುರಿಸದೆ ತೆನೆಯನ್ನೇ ತೂಗುಹಾಕಿ, ಚಿಕ್ಕ ಹಕ್ಕಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ನುಗ್ಗೆಯ ರೆಂಬೆಯನ್ನು ಎಲೆ ಕೀಳದೆ ಪಂಜರದ ಮೇಲ್ಗಡೆ ಸಿಕ್ಕಿಸಿ. ತೆಂಗಿನ ಚಿಪ್ಪಿಗೆ ಎರಡು ತೂತು ಕೊರೆದು ಒಳಗೆ ಗಜ್ಜರಿಯ ಚೂರು ಅಡಗಿಸಿ. ಸಿಗಿದು ಹಾಕಲು ಅಡಿಕೆಯ ಹಾಳೆಯಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ಮಲೆನಾಡು ಕರಾವಳಿಯ ಓದುಗರಿಗೆ ಅದು ಹಿತ್ತಲಿನಲ್ಲೇ ಬಿದ್ದಿರುತ್ತದೆ. ಔಷಧಿ ಹೊಡೆಯದ ಮರದ್ದಾಗಿರಲಿ, ಚೆನ್ನಾಗಿ ತೊಳೆದು ಒಣಗಿಸಿ. ಕೂರಲು ನುಣ್ಣನೆಯ ಒಂದೇ ಗಾತ್ರದ ಕೋಲಿನ ಬದಲು ಸೀಬೆಯ ಕೊಂಬೆ, ಬೇವಿನ ಕೊಂಬೆ ಇಡಿ. ತೊಗಟೆ ಸುಲಿಯುವುದೂ ಒಂದು ಉದ್ಯೋಗ. ಉದ್ದನೆಯ ನಾರು, ದಾರ ಮಾತ್ರ ಬೇಡ, ಕಾಲಿಗೆ ಸುತ್ತಿಕೊಂಡು ಬೆರಳು ಹೋಗಬಹುದು.

ಇವೆಲ್ಲವನ್ನೂ ಒಂದೇ ದಿನ ತುಂಬಿಸಬಾರದು. ಬೂದು ಗಿಳಿಯಂಥ ಹಕ್ಕಿ ಹೊಸ ವಸ್ತುವನ್ನು ಕಂಡರೆ ಹಾವು ಕಂಡಂತೆ ಬೆದರುತ್ತದೆ. ಹೆದರಿಕೆಯಿಂದ ಗರಿ ಕೀಳುವುದು ಹೆಚ್ಚಾದೀತು. ಮೊದಲು ಕೋಣೆಯ ಆಚೆ ತುದಿಯಲ್ಲಿಡಿ. ಎರಡು ದಿನ ಬಿಟ್ಟು ಹತ್ತಿರ ತನ್ನಿ. ಅದರೆದುರು ನೀವೇ ಅದನ್ನು ಮುಟ್ಟಿ ಆಡಿ. ಮೊದಮೊದಲು ಪೊಟ್ಟಣ ಅರ್ಧ ತೆರೆದಿರಲಿ, ಕಾಳು ಕಾಣುತ್ತಿರಲಿ. ಕಲಿತಂತೆಲ್ಲ ಬಿಗಿಯಾಗಿ ಕಟ್ಟಿ.

ಎರಡನೆಯದು ನಿದ್ರೆ. ಈ ಹಕ್ಕಿಗಳಲ್ಲಿ ಹೆಚ್ಚಿನವು ಉಷ್ಣವಲಯದವು. ಅಲ್ಲಿ ವರ್ಷವೆಲ್ಲ ಇರುಳು ಹನ್ನೆರಡು ಗಂಟೆಗೆ ಹತ್ತಿರ. ನಮ್ಮ ನಡುಮನೆಯಲ್ಲಿ ರಾತ್ರಿ ಹನ್ನೊಂದರವರೆಗೂ ದೀಪ, ಮಾತು, ದೂರದರ್ಶನ. ಹಕ್ಕಿಗೆ ಹತ್ತರಿಂದ ಹನ್ನೆರಡು ಗಂಟೆ ಕತ್ತಲೆಯೂ ಮೌನವೂ ಬೇಕು. ಸಂಜೆ ಏಳರ ಹೊತ್ತಿಗೆ ಪಂಜರವನ್ನು ಸದ್ದಿಲ್ಲದ ಕೋಣೆಗೆ ಸಾಗಿಸುವುದು ಸುಲಭವಾದ ಉಪಾಯ. ರೇಡಿಯೋ ಹಾಕಿಟ್ಟು ಹೋದರೆ ಹಕ್ಕಿಗೆ ಜೊತೆಯಾಗುವುದೆಂದು ಅನೇಕರು ಹೇಳುತ್ತಾರೆ. ಹಗಲಿನಲ್ಲಿ ಮೆಲುದನಿಯಲ್ಲಿ ಕೆಲವು ಗಂಟೆ ಇಟ್ಟರೆ ತಪ್ಪಿಲ್ಲ. ಮನುಷ್ಯರ ದನಿಗೆ ಒಗ್ಗಿದ ಹಕ್ಕಿಗೆ ಅದು ಸಮಾಧಾನ ತಂದೀತು. ಆದರೆ ಈ ಪತ್ರಿಕೆಯಲ್ಲೇ ಹೇಳಬೇಕಾಗಿ ಬಂದುದಕ್ಕೆ ಸಂಕೋಚವಿದ್ದರೂ ಹೇಳುತ್ತೇನೆ: ರೇಡಿಯೋ ಕಿವಿಗೆ ಕೆಲಸ ಕೊಡುತ್ತದೆಯೇ ಹೊರತು ಕೊಕ್ಕಿಗಲ್ಲ.

ಸ್ನಾನವನ್ನು ನಾವು ಮರೆಯುತ್ತೇವೆ. ಬೂದು ಗಿಳಿ, ಅಮೆಜಾನ್ ಗಿಳಿಗಳು ಮಳೆಕಾಡಿನವು. ಬೇಸಗೆಯ ರಾಯಚೂರು, ಕಲಬುರಗಿಗಳ ಒಣಗಾಳಿಯಲ್ಲಿ ಅವುಗಳ ಚರ್ಮ ಬಿರಿಯದೆ ಇರುವುದು ಹೇಗೆ? ಗಿಡಗಳಿಗೆ ಹನಿ ಸಿಂಪಡಿಸುವ ಸೀಸೆಯಲ್ಲಿ ಬರಿಯ ನೀರು ತುಂಬಿ, ಬೆಳಗಿನ ಹೊತ್ತು ಮೇಲಿನಿಂದ ಮಂಜಿನಂತೆ ಬೀಳಿಸಿ. ಮುಖಕ್ಕೆ ನೇರವಾಗಿ ಹೊಡೆಯಬೇಡಿ. ಬಿಸಿಲಿರುವಾಗ ಮಾಡಿದರೆ ಸಂಜೆಯೊಳಗೆ ಮೈ ಆರುತ್ತದೆ. ನೆನೆದ ಗರಿಯನ್ನು ತಿದ್ದಿಕೊಳ್ಳುವುದರಲ್ಲೇ ಹಕ್ಕಿಗೆ ಒಂದು ಗಂಟೆ ಸೊಗಸಾಗಿ ಕಳೆಯುತ್ತದೆ.

ಪಂಜರದ ಜಾಗವನ್ನೂ ನೋಡಿ. ನಾಲ್ಕು ಕಡೆಯಿಂದ ಜನ ಓಡಾಡುವ ನಡುಮನೆಯ ಮಧ್ಯದಲ್ಲಿದ್ದರೆ ಹಕ್ಕಿಗೆ ಬೆನ್ನು ಕೊಡಲು ಗೋಡೆಯಿಲ್ಲ. ಕಿಟಕಿಯಾಚೆ ಬೆಕ್ಕು ಕುಳಿತು ನೋಡುತ್ತಿದ್ದರೆ ಹೇಳುವುದೇ ಬೇಡ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಮನೆಯವರು ಕಾಣುವ ಮೂಲೆ ಒಳ್ಳೆಯದು. ಅಡುಗೆಮನೆ ಖಂಡಿತ ಬೇಡ. ಅಂಟದ ಲೇಪವಿರುವ ಬಾಣಲೆ ಅತಿಯಾಗಿ ಕಾದರೆ ಹೊರಬರುವ ಅನಿಲ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ, ಬೀಡಿ ಸಿಗರೇಟು, ಯಾವ ಹೊಗೆಯೂ ಅದರ ಶ್ವಾಸಕೋಶಕ್ಕೆ ಒಗ್ಗದು. ಸಿಗರೇಟು ಸೇದಿದ ಬೆರಳಿನಿಂದ ಮುದ್ದಿಸಿದರೂ ಆ ಅಂಶ ಗರಿಗೂ ಚರ್ಮಕ್ಕೂ ಅಂಟಿ ತುರಿಕೆ ಹುಟ್ಟಿಸಬಹುದು.

ಮುದ್ದಿನ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಹಕ್ಕಿಯ ಬೆನ್ನನ್ನೂ ರೆಕ್ಕೆಯಡಿಯನ್ನೂ ಸವರಬೇಡಿ. ನಮಗೆ ಅದು ಅಕ್ಕರೆ, ಹಕ್ಕಿಗೆ ಅದು ಜೋಡಿಯ ಸಂಜ್ಞೆ. ಪ್ರಾಯದ ಹಕ್ಕಿ ನಿಮ್ಮನ್ನೇ ಜೋಡಿಯೆಂದು ಭಾವಿಸಿ, ಈಡೇರದ ಬಯಕೆಯ ಸಂಕಟವನ್ನು ಗರಿಯ ಮೇಲೆ ತೀರಿಸಿಕೊಳ್ಳುತ್ತದೆ. ತಲೆ, ಕತ್ತು ಕೆರೆದರೆ ಸಾಕು. ಹಾಗೆಯೇ, ಗರಿ ಕಿತ್ತೊಡನೆ “ಅಯ್ಯೋ ಬೇಡ!” ಎಂದು ಮನೆಮಂದಿಯೆಲ್ಲ ಓಡಿಬಂದರೆ ಅದೇ ಅದಕ್ಕೆ ಬಹುಮಾನ. ಒಂದು ಗರಿಗೆ ನಾಲ್ಕು ಜನ ಬರುವರೆಂದು ತಿಳಿದ ಮೇಲೆ ಯಾರು ತಾನೇ ಬಿಟ್ಟಾರು? ಕಿತ್ತಾಗ ಸುಮ್ಮನಿರಿ. ಕೀಳದೆ ಆಡುತ್ತಿರುವಾಗ ಹತ್ತಿರ ಹೋಗಿ ಮಾತನಾಡಿಸಿ.

ಮನೆಮದ್ದಿನ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ಬೇವಿನೆಣ್ಣೆ, ಕೊಬ್ಬರಿಯೆಣ್ಣೆ, ಅರಿಶಿನದ ಲೇಪ ಮನುಷ್ಯನ ಚರ್ಮಕ್ಕೆ ಒಳ್ಳೆಯದಿರಬಹುದು. ಎಣ್ಣೆ ತಗುಲಿದ ಗರಿ ಅಂಟಿಕೊಂಡು ಮೈಯ ಕಾವನ್ನು ಹಿಡಿದಿಡಲಾರದು; ಅದನ್ನು ತೆಗೆಯಲು ಹಕ್ಕಿ ಇನ್ನಷ್ಟು ಕಿತ್ತುಕೊಳ್ಳುತ್ತದೆ, ಕೊಕ್ಕಿಗೆ ಬಂದದ್ದನ್ನೆಲ್ಲ ನುಂಗುತ್ತದೆ. ಕಹಿ ಬಳಿದರೆ ಬಿಡುವುದೆಂಬ ನಂಬಿಕೆಯೂ ಹುಸಿ. ಕುತ್ತಿಗೆಗೆ ಕಟ್ಟುವ ಪಟ್ಟಿಯೊಂದುಂಟು, ಕೊಕ್ಕು ಎದೆಗೆ ಎಟುಕದಂತೆ ತಡೆಯುತ್ತದೆ. ಹಕ್ಕಿ ಗರಿ ಬಿಟ್ಟು ಚರ್ಮವನ್ನೇ ಕಚ್ಚಿ ಗಾಯಮಾಡಿಕೊಳ್ಳುತ್ತಿದ್ದರೆ ವೈದ್ಯರು ಅದನ್ನು ಕಟ್ಟುತ್ತಾರೆ. ಆಗ ಅದು ಜೀವರಕ್ಷಕ. ಬರಿಯ ಗರಿ ಕೀಳುವುದಕ್ಕೆ ಅದನ್ನು ಕಟ್ಟುವುದೆಂದರೆ ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದಂತೆ. ಮನಸ್ಸಿನ ಔಷಧಿಗಳೂ ಇವೆ. ಮನುಷ್ಯರ ಗೀಳಿಗೆ ಕೊಡುವ ಕ್ಲೋಮಿಪ್ರಮೀನ್ ಎಂಬುದು ಕಾಕಟೂ ಹಕ್ಕಿಗಳಲ್ಲಿ ಸ್ವಲ್ಪಮಟ್ಟಿಗೆ ಗುಣ ತೋರಿತೆಂದು ೨೦೦೪ರಲ್ಲಿ ಅಮೆರಿಕಾದಿಂದ ವರದಿಯಾಯಿತು. ಉಳಿದುದೆಲ್ಲ ಮಾಡಿ ಸೋತ ಮೇಲೆ, ಬಲ್ಲ ವೈದ್ಯರ ಕಣ್ಗಾವಲಿನಲ್ಲಿ ಮಾತ್ರ ಅವು.

ಎಷ್ಟು ದಿನಕ್ಕೆ ಗುಣ ಕಂಡೀತು? ಬುಡಸಹಿತ ಕಿತ್ತ ಗರಿಯ ಜಾಗದಲ್ಲಿ ಬೇರು ಕೆಡದಿದ್ದರೆ ಕೆಲವೇ ವಾರಗಳಲ್ಲಿ ಹೊಸತು ಮೊಳೆಯುತ್ತದೆ. ಜಗಿದು ತುಂಡಾದ ಗರಿಯ ಮೋಟು ಹಾಗಲ್ಲ. ಅದು ಮುಂದಿನ ಸಲ ಗರಿ ಕಳಚುವ ಕಾಲದವರೆಗೂ ಅಲ್ಲೇ ಇರುತ್ತದೆ. ಹೊಸ ಗರಿ ಮೊಳೆಯುವಾಗ ಅದರೊಳಗೆ ರಕ್ತವಿರುತ್ತದೆ, ತುರಿಕೆಯೂ ಇರುತ್ತದೆ; ಆ ಹೊತ್ತಿನಲ್ಲೇ ಹಕ್ಕಿ ಮತ್ತೆ ಜಾರಿಬೀಳುವುದು. ಅಂಥ ದಿನಗಳಲ್ಲಿ ಪೊಟ್ಟಣ, ತೆನೆ, ನೀರ್ಹನಿ ಇವನ್ನು ಹೆಚ್ಚಿಸಿ. ಮೊಳಕೆಗರಿ ಮುರಿದು ರಕ್ತ ಸುರಿದರೆ ಶುದ್ಧವಾದ ಬಟ್ಟೆಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬನ್ನಿ: ಯಾವ ದಿನ ಹೆಚ್ಚು ಕಿತ್ತಿತು, ಅಂದು ಮನೆಯಲ್ಲಿ ಏನಾಗಿತ್ತು. ನೆಂಟರು ಬಂದಿದ್ದರೋ, ಪಂಜರ ಸರಿಸಿದಿರೋ, ಮಗ ಹಾಸ್ಟೆಲಿಗೆ ಹೊರಟನೋ. ಎರಡು ತಿಂಗಳ ಗುರುತುಗಳನ್ನು ಒಟ್ಟಿಗೆ ನೋಡಿದರೆ ವೈದ್ಯರಿಗೂ ಹೊಳೆಯದ ಕಾರಣವೊಂದು ನಿಮಗೆ ಹೊಳೆದೀತು.

ಕೆಲವು ವಾರಗಳ ಚಾಳಿ ಬಿಡುವುದು ಬೇಗ, ಹಲವು ವರ್ಷಗಳದು ಕಷ್ಟ. ಮೂಲಕಾರಣ ತೀರಿದರೂ ಅಭ್ಯಾಸ ಉಳಿಯುವುದುಂಟು. ಮತ್ತೆ ಮತ್ತೆ ಕಿತ್ತು ಬೇರು ಸತ್ತ ಜಾಗದಲ್ಲಿ ಗರಿ ಹುಟ್ಟುವುದೇ ಇಲ್ಲ. ಆ ಹಕ್ಕಿ ಬೋಳೆದೆಯಲ್ಲೇ ಉಳಿದ ಆಯುಷ್ಯವನ್ನು ಕಳೆಯಬೇಕು. ಅದಕ್ಕಾಗಿ ಅದನ್ನು ಹಿತ್ತಲಿನ ಮೂಲೆಗೆ ಸೇರಿಸಬೇಕಾದುದಿಲ್ಲ. ಗರಿಯಿಲ್ಲದ ಮೈ ಬೇಗ ತಣ್ಣಗಾಗುತ್ತದೆಂಬುದನ್ನು ನೆನಪಿಟ್ಟು, ಮಾಗಿಯ ರಾತ್ರಿಗಳಲ್ಲಿ ಪಂಜರದ ಮೂರು ಕಡೆಗೆ ದಪ್ಪ ಹೊದಿಕೆ ಹಾಕಿ, ಗಾಳಿಯಾಡಲು ಒಂದು ಕಡೆ ಬಿಡಿ. ಬೆಳಿಗ್ಗೆ ಹೊದಿಕೆ ತೆಗೆದಾಗ ಬಿಡಿಸಿಕೊಳ್ಳಲು ಒಂದು ಎಲೆಯ ಪೊಟ್ಟಣ ಅಲ್ಲಿರಲಿ.